ಸರ್ವರ್ ಮೇಲೆ ಸಂಶಯ

ಮನೆಯ ಮಿಕ್ಸಿ ಕೆಟ್ಟರೆ ಜನ "ಮಿಕ್ಸಿ ಕೆಟ್ಟಿದೆ" ಎನ್ನುತ್ತಾರೆ. ಸ್ಕೂಟರ್ ನಿಂತರೆ "ಸ್ಕೂಟರ್ ನಿಂತಿತು" ಎನ್ನುತ್ತಾರೆ. ಕಚೇರಿಯ ಕಂಪ್ಯೂಟರ್ ಕೆಟ್ಟರೆ ಮಾತ್ರ "ಯಾರೋ ಏನೋ ಮಾಡಿದ್ದಾರೆ" ಎನ್ನುತ್ತಾರೆ. ನಾನು ಈ ಕಸುಬಿಗೆ ಇಳಿದಾಗಿನಿಂದ ಒಂದು ವಾರವೂ ಈ ಮಾತು ಕೇಳದೆ ಕಳೆದಿಲ್ಲ.

ಸಾಗರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಆದರೆ ನಿಜವಾಗಿ ನನ್ನ ಒಲೆ ಉರಿಯುವುದು ಒಂದು ಸಹಕಾರ ಸಂಘದಿಂದ. ಅದರ ಮುಖ್ಯ ಕಚೇರಿ ಸಾಗರದಲ್ಲಿ, ಶಾಖೆಗಳು ಹೊಸನಗರ ಮತ್ತು ತೀರ್ಥಹಳ್ಳಿಯಲ್ಲಿ. ಮೂರೂ ಕಡೆಯ ಕಂಪ್ಯೂಟರುಗಳನ್ನೂ, ಅವುಗಳ ಕಡತವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುವ ಸರ್ವರುಗಳನ್ನೂ ನೋಡಿಕೊಳ್ಳುವ ವರ್ಷದ ಗುತ್ತಿಗೆ ನನ್ನದು. ಅಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ನಾನೇನೂ ಕಮ್ಮಿಯಿಲ್ಲ ಬಿಡಿ. ಯಾರಾದರೂ "ನಾನು ಏನೂ ಮುಟ್ಟಿಲ್ಲ ಸಾರ್" ಎಂದರೆ ಸಾಕು, ಮೊದಲು ಅವರ ಕುರ್ಚಿಯ ಕೆಳಗೇ ಬಗ್ಗಿ ನೋಡುತ್ತೇನೆ.

ಮಧ್ಯಾಹ್ನ ಮಲಗುವ ಸರ್ವರ್

ಮಳೆ ಹಿಡಿದು ಹೊಡೆಯುತ್ತಿದ್ದ ದಿನಗಳು. ಹೊಸನಗರ ಶಾಖೆಯ ಮ್ಯಾನೇಜರ್ ಫೋನ್ ಮಾಡಿದರು.

"ನಮ್ಮ ಸರ್ವರ್ ದಿನಾ ಊಟ ಆದ್ಮೇಲೆ ಬಂದ್ ಆಗ್ತದೆ ಮಾರಾಯ್ರೆ. ನಂಗೇನೋ ಸಂಶಯ."

"ಎಂತ ಸಂಶಯ?"

"ನನಗಿಂತ ಮೊದಲು ಇಲ್ಲಿ ಒಬ್ರು ಮ್ಯಾನೇಜರ್ ಇದ್ರಲ್ಲ, ಅವರು ಹೋಗುವಾಗ ಏನೋ ವೈರಸ್ ಬಿಟ್ಟು ಹೋಗಿದ್ದಾರೆ. ಅವರೂ ಮಧ್ಯಾಹ್ನ ಊಟ ಮಾಡಿ ಮಲಗ್ತಿದ್ರು. ಇದೂ ಹಾಗೇ ಮಲಗ್ತದೆ."

ಇಷ್ಟು ಗಟ್ಟಿ ಸಾಕ್ಷಿ ಇದ್ದ ಮೇಲೆ ಹೋಗದೆ ಇರಲು ಬರುವುದಿಲ್ಲ. ಹೋದೆ. ಬೆಳಿಗ್ಗೆಯೆಲ್ಲ ಪರೀಕ್ಷೆ ಮಾಡಿದೆ, ವೈರಸ್ ಇರಲಿಲ್ಲ. ಸರ್ವರ್ ಜಿಂಕೆಯ ಹಾಗೆ ಓಡುತ್ತಿತ್ತು. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮತ್ತೆ ಬಂದ್. ಸಿಬ್ಬಂದಿಯೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಸರ್ವರ್ ಕೋಣೆಯೊಳಗೆ ಹೋದರೆ ಘಮ್ಮೆಂದು ಹಲಸಿನ ಹಣ್ಣಿನ ವಾಸನೆ. ಪೆಟ್ಟಿಗೆಯ ಹಿಂಬದಿಗೆ ಟಾರ್ಚ್ ಬಿಟ್ಟೆ. ಬಿಸಿಗಾಳಿ ಹೊರಗೆ ಬರುವ ಕಿಂಡಿಗೆ ಒತ್ತಿಕೊಂಡು ಒಂದು ಮೊರ. ಮೊರದ ತುಂಬಾ ಹಲಸಿನ ಹಪ್ಪಳ. ಮಳೆಗಾಲದ ತೇವಕ್ಕೆ ಮೆತ್ತಗಾದ ಹಪ್ಪಳವನ್ನು ಯಾರೋ ದಿನಾ ಊಟದ ಹೊತ್ತಿಗೆ ಅಲ್ಲಿ ಒಣಗಲು ಇಡುತ್ತಿದ್ದರು. ಬಿಸಿಗಾಳಿ ಹೋಗಲು ದಾರಿಯಿಲ್ಲದೆ ಸರ್ವರ್ ಕಾದು ತಾನಾಗಿಯೇ ಆಫ್ ಆಗುತ್ತಿತ್ತು.

ಮೊರವನ್ನು ಎತ್ತಿ ತಂದು ಎಲ್ಲರ ಎದುರಿಗೆ ಇಟ್ಟೆ. ಯಾರದು ಎಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಮ್ಯಾನೇಜರ್ ಮಾತ್ರ ಕೆಂಡಾಮಂಡಲವಾದರು. "ಇದು ಕಚೇರಿನೋ, ಅಡುಗೆಮನೆನೋ? ಇನ್ನು ಮುಂದೆ ಆ ಕೋಣೆಗೆ ಒಂದು ನೊಣ ಹೋಗಕೂಡದು" ಎಂದು ಬೀಗ ಹಾಕಿಸಿ, ಬೀಗದ ಕೈಯನ್ನು ತಮ್ಮ ಜೇಬಿಗೇ ಇಳಿಸಿದರು. ಅವರ ನಿಷ್ಠೆ ಕಂಡು ನನಗೆ ಖುಷಿಯಾಯಿತು.

ಎರಡು ದಿನ ಕಳೆದು ಅವರದೇ ಫೋನ್. ದನಿ ಬಹಳ ಮೆಲ್ಲಗಿತ್ತು.

"ಸರ್ವರ್ ಈಗ ಅಷ್ಟು ಬಿಸಿ ಆಗ್ತಾ ಇಲ್ವಲ್ಲ, ಏನಾದ್ರೂ ತೊಂದರೆನಾ?"

"ತೊಂದರೆ ಎಂತದು ಸಾರ್, ಒಳ್ಳೇದೇ ಆಯ್ತಲ್ಲ!"

"ಅಲ್ಲ ಮಾರಾಯ್ರೆ, ನಮ್ಮನೆಯವಳು ಇನ್ನೊಂದು ಮೊರ ಕಳ್ಸಿದಾಳೆ. ಒಣಗ್ತಾನೇ ಇಲ್ಲ."

ನಾನು ನಾನೇ ಹೌದೋ ಅಲ್ಲವೋ

ಹಪ್ಪಳದ ಸುದ್ದಿ ಸಂಘದ ಸೆಕ್ರೆಟರಿಯವರ ಕಿವಿಗೆ ಬಿತ್ತು. ಸಂಘದ ಆಡಳಿತವೆಲ್ಲ ಇವರ ಕೈಯಲ್ಲಿ. ಮನೆ ಹೊಸನಗರ, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸಾಗರಕ್ಕೆ ಬರುತ್ತಾರೆ. ಅನುಮಾನದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದ ಮನುಷ್ಯ. ಚಹಾ ತಂದುಕೊಟ್ಟರೆ ಮೊದಲು ಲೋಟವನ್ನು ನೋಡುತ್ತಾರೆ, ಆಮೇಲೆ ತಂದವರನ್ನು ನೋಡುತ್ತಾರೆ, ಚಹಾ ಆರಿದ ಮೇಲೆ ಕುಡಿಯುತ್ತಾರೆ.

"ಇವತ್ತು ಹಪ್ಪಳ ನುಗ್ಗಿತು, ನಾಳೆ ಕಳ್ಳರು ನುಗ್ತಾರೆ" ಎಂದು ಅವರು ಮೂರೂ ಕಚೇರಿಯವರಿಗೆ ನನ್ನಿಂದ ಭದ್ರತೆಯ ಪಾಠ ಮಾಡಿಸಿದರು. ನಾನೂ ಹುರುಪಿನಲ್ಲಿ ಬಾಯಿಗೆ ಬಂದಷ್ಟು ಹೆದರಿಸಿದೆ. "ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಗುರುತಿನ ಚೀಟಿ ತೋರಿಸಿದರೂ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸುತ್ತಾರೆ. ಫೋನಿನಲ್ಲಿ ದನಿ ಕೇಳಿ ನಂಬಬೇಡಿ, ಈಗ ದನಿಯನ್ನೂ ನಕಲು ಮಾಡುತ್ತಾರೆ. ನಾನೇ ಬಂದು ಕೇಳಿದರೂ ಕೊಡಬೇಡಿ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹದಿನೈದು ದಿನವೂ ಆಗಿರಲಿಲ್ಲ, ತೀರ್ಥಹಳ್ಳಿ ಶಾಖೆಯ ಕಂಪ್ಯೂಟರ್ ಅಲ್ಲಾಡದೆ ನಿಂತುಬಿಟ್ಟಿತು. ಸಾಗರದಿಂದ ಅಲ್ಲಿಯವರೆಗೆ ಮಳೆಯಲ್ಲಿ ಬೈಕ್ ಹೊಡೆದುಕೊಂಡು ಹೋದೆ. ರೈನ್‌ಕೋಟ್ ಒಳಗೂ ಹೊರಗೂ ಒಂದೇ ಆಗಿತ್ತು. ಹಲ್ಲು ಕಟಕಟ ಎನ್ನುತ್ತಿರುವಾಗಲೇ ಅಲ್ಲಿನ ಕ್ಯಾಶಿಯರ್ ಮೇಡಮ್ಮಿಗೆ ಹೇಳಿದೆ, "ಪಾಸ್‌ವರ್ಡ್ ಹೇಳಿ ಮೇಡಂ, ಬೇಗ ಸರಿ ಮಾಡ್ತೀನಿ."

"ಹೇಳಲ್ಲ" ಎಂದರು.

"ಯಾಕೆ?"

"ನೀವು ನೀವೇ ಅಂತ ಎಂತ ಗ್ಯಾರಂಟಿ?"

ಗುರುತಿನ ಚೀಟಿ ತೆಗೆದೆ. "ಯಾರು ಬೇಕಾದ್ರೂ ಅಚ್ಚು ಹಾಕಿಸ್ತಾರೆ ಅಂತ ನೀವೇ ಹೇಳಿದ್ದಲ್ದಾ?" ಎಂದರು. ಸೆಕ್ರೆಟರಿಯವರಿಗೆ ಫೋನ್ ಹಚ್ಚಿ ಕೊಟ್ಟೆ. ಅವರ ಮಾತನ್ನೆಲ್ಲ ಕೇಳಿಸಿಕೊಂಡು, "ದನಿ ಸೆಕ್ರೆಟರಿಯವರದ್ದೇ ಇದ್ದ ಹಾಗಿದೆ, ಅದಕ್ಕೇ ಸಂಶಯ" ಎಂದು ಫೋನ್ ವಾಪಸ್ ಕೊಟ್ಟರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನನ್ನ ಪಾಠವನ್ನು ಇಡೀ ಸಂಘದಲ್ಲಿ ಮನಸ್ಸಿಟ್ಟು ಕೇಳಿದ್ದು ಇದೊಂದೇ ಜೀವ.

ಕೊನೆಗೆ ಒಂದು ರಾಜಿಯಾಯಿತು. ಪಾಸ್‌ವರ್ಡನ್ನು ಅವರೇ ಒತ್ತುವುದು, ಅಲ್ಲಿಯವರೆಗೆ ನಾನು ಗೋಡೆಗೆ ಮುಖ ಮಾಡಿ ನಿಲ್ಲುವುದು. ನಿಂತೆ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗ್ರಾಹಕರು ಒಬ್ಬೊಬ್ಬರಾಗಿ ಬಂದು, ಈತ ಏನು ತಪ್ಪು ಮಾಡಿರಬಹುದು ಎಂದು ನೋಡಿಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಬೆನ್ನ ಹಿಂದೆ ಮೇಡಂ ಒಳಕೋಣೆಯ ಕಡೆಗೆ ಕೂಗಿದರು.

"ಏ, ನಮ್ಮ ಪಾಸ್‌ವರ್ಡ್ ಎಂತದೇ? ನಮ್ಮನೆ ದನದ ಹೆಸರೋ, ನಿಮ್ಮನೆ ನಾಯಿದೋ?"

ಒಳಗಿನಿಂದ ಇನ್ನೊಬ್ಬರು ಅಷ್ಟೇ ಗಟ್ಟಿಯಾಗಿ ಹೇಳಿದರು. "ನಮ್ಮನೆ ನಾಯಿದು ಕಣೇ! ಕಾಳು, ಆಮೇಲೆ ಒಂದು ಎರಡು ಮೂರು!"

"ನೀವು ತಿರುಗಬೇಡಿ, ಇನ್ನೂ ಒತ್ತಿಲ್ಲ" ಎಂದರು ಮೇಡಂ ನನಗೆ.

ಇಳಿದು ಹೋದ ಜ್ವರ

ಇಲ್ಲಿಯವರೆಗೆ ತಮಾಷೆ. ಆಮೇಲೆ ಬಂದದ್ದು ಒಬ್ಬರ ಅನ್ನಕ್ಕೆ ಕುತ್ತು ತರುವ ವಿಷಯ.

ಒಂದು ದಿನ ಸೆಕ್ರೆಟರಿಯವರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಕಿಟಕಿ ಹಾಕಿದರು. ಚಳಿಯಲ್ಲೂ ಫ್ಯಾನ್ ಜೋರು ಮಾಡಿದರು, ಹೊರಗೆ ಮಾತು ಕೇಳಿಸಬಾರದು ಎಂದು. ಫ್ಯಾನಿನ ಸದ್ದಿಗೆ ನನಗೂ ಏನೂ ಕೇಳಿಸಲಿಲ್ಲ. ಎರಡನೇ ಸಲ ಹೇಳಿದಾಗ ಗೊತ್ತಾಯಿತು.

"ನಮ್ಮ ಸರ್ವರ್ ಸೋರ್ತಾ ಇದೆ."

ವರ್ಗಾವಣೆಯ ಹೊತ್ತು ಅದು. ಯಾರನ್ನು ಯಾವ ಶಾಖೆಗೆ ಹಾಕಬೇಕು ಎಂದು ತೀರ್ಮಾನ ಮಾಡುವವರು ಇವರು. ಬರೆದದ್ದನ್ನು ಸರ್ವರಿನಲ್ಲಿಟ್ಟು, ತಿದ್ದಿ, ಅಚ್ಚು ತೆಗೆಯುವವರು ಮುಖ್ಯ ಕಚೇರಿಯ ಹಿರಿಯ ಗುಮಾಸ್ತೆ. ಮೂರನೆಯವರು ಅದನ್ನು ನೋಡುವುದೇ ಇಲ್ಲ. ಆದರೂ ಆದೇಶಕ್ಕೆ ಸಹಿ ಬೀಳುವ ಮೊದಲೇ ವಿಷಯ ಊರೆಲ್ಲ ಹರಡಿರುತ್ತಿತ್ತು. ತೀರ್ಥಹಳ್ಳಿಗೆ ಹೋಗಬೇಕಾದ ಡ್ರೈವರಿಗೆ ಬೆನ್ನುನೋವು. ಹೊಸನಗರಕ್ಕೆ ಹೋಗಬೇಕಾದ ಸೇಲ್ಸ್‌ಮನ್ನನ ಅತ್ತೆಯ ಆರೈಕೆಗೆ ಬೇರೆ ಜನ ಇಲ್ಲ. ಇನ್ನೊಬ್ಬನಿಗೆ ವಿಪರೀತ ಜ್ವರ.

"ಕಾಗದ ನೀವೇ ಬರೀತೀರಾ ಸಾರ್?" ಎಂದು ಕೇಳಿದೆ.

"ನಾನೇ. ನನ್ನ ಫೋನಲ್ಲೇ ಬರೆದು ತಯಾರು ಮಾಡ್ಕೊಂಡು ಬರ್ತೀನಿ. ಇಲ್ಲಿಗೆ ಬಂದು ಅವರಿಗೆ ಕಳಿಸ್ತೀನಿ, ಅಷ್ಟೇ."

"ಮನೇಲಿ ಯಾರಾದ್ರೂ ಫೋನ್ ನೋಡೋದು..."

"ಮನೇಲಿ ನಾನು ಬರೆಯೋದೇ ಇಲ್ಲ ಮಾರಾಯ್ರೆ! ನಂಗೆ ಮನೆಯವರ ಮೇಲೂ ಸಂಶಯ."

ಫೋನ್ ತೆಗೆದುಕೊಂಡು ನೋಡಿದೆ. ಬೆರಳಚ್ಚು, ಅದರ ಮೇಲೆ ಇನ್ನೊಂದು ಬೀಗ, ಒಳಗೆ ಮತ್ತೊಂದು. ಕಳ್ಳ ಸಾಫ್ಟ್‌ವೇರ್ ಎಂದು ಒಂದೂ ಇಲ್ಲ. ಸೋರಿಕೆ ಕಚೇರಿಯಿಂದಲೇ ಆಗುತ್ತಿರಬೇಕು ಎಂದು ನಾನೂ ಒಪ್ಪಿಕೊಂಡೆ.

"ಎಷ್ಟು ಬೇಗ ಸೋರ್ತಾ ಇದೆ ಗೊತ್ತಾ?" ಸೆಕ್ರೆಟರಿಯವರು ನನ್ನ ಕಿವಿಯ ಹತ್ತಿರ ಬಂದರು. "ಆ ಜ್ವರದವನ ಹೆಸರನ್ನು ಮೊನ್ನೆ ಬೆಳಿಗ್ಗೆ ಪಟ್ಟಿಯಿಂದ ತೆಗೆದೆ. ಮಧ್ಯಾಹ್ನದ ಹೊತ್ತಿಗೆ ಅವನ ಜ್ವರ ಬಿಟ್ಟಿತ್ತು."

ಅಷ್ಟೋತ್ತರದಿಂದ ಸಹಸ್ರನಾಮಕ್ಕೆ

ನಾನು ಕೋಟೆ ಕಟ್ಟಲು ಶುರು ಮಾಡಿದೆ. ಪೆನ್‌ಡ್ರೈವ್ ಹಾಕುವ ಕಿಂಡಿಗಳನ್ನೆಲ್ಲ ಮುಚ್ಚಿದೆ. ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಇಟ್ಟೆ. ಆ ಕಡತವನ್ನು ಒಂದೇ ಒಂದು ಕಂಪ್ಯೂಟರಿನಲ್ಲಿ ತೆರೆಯುವ ಹಾಗೆ ಮಾಡಿದೆ. ಆ ಒಂದು ಕಂಪ್ಯೂಟರ್ ಹಿರಿಯ ಗುಮಾಸ್ತೆಯದು. ಹಾಗಾಗಿ ನಾನು ಬಂದೋಬಸ್ತು ಬಿಗಿ ಮಾಡಿದಷ್ಟೂ ಉರುಳು ಅವರ ಕುತ್ತಿಗೆಗೇ ಬಿಗಿಯುತ್ತಿತ್ತು.

ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಸಂಘಕ್ಕೆ ಕಂಪ್ಯೂಟರ್ ಬರುವ ಮೊದಲಿನಿಂದ ಇದ್ದವರು, ನಿವೃತ್ತಿಗೆ ಹತ್ತಿರ ಬಂದಿದ್ದರು. ಒಂದು ದಿನ ಸೆಕ್ರೆಟರಿಯವರು ಅವರ ತಲೆಯ ಮೇಲೆ ಕ್ಯಾಮೆರಾ ಹಾಕಿಸಿದರು. ಏಣಿ ಹತ್ತಿ ಹಾಕಿದವನು ನಾನೇ. ಅಕ್ಕ ಕೆಳಗೆ ಕೂತು ತಲೆಯೆತ್ತಿ ನೋಡಿದರು.

"ನಿನಗೂ ನನ್ನ ಮೇಲೇ ಸಂಶಯನಾ ತಮ್ಮಾ?"

ನಾನು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ಯಾಕೆಂದರೆ ಆಗ ನನಗೂ ಸಂಶಯವಿತ್ತು. ಇಳಿಯುವಾಗ ನಾಚಿಕೆಯಾಯಿತು, ಆದರೂ ಕ್ಯಾಮೆರಾದ ಮುಖವನ್ನು ಸ್ವಲ್ಪ ಕೆಳಗೆ ಬಗ್ಗಿಸಿಯೇ ಇಳಿದೆ.

ಸೆಕ್ರೆಟರಿಯವರು ದಿನವಿಡೀ ತಮ್ಮ ಕೋಣೆಯಲ್ಲಿ ಕೂತು ಅದನ್ನೇ ನೋಡತೊಡಗಿದರು. ಮೂರನೇ ದಿನ ನನ್ನನ್ನು ಓಡಿ ಬರುವ ಹಾಗೆ ಕರೆಸಿದರು. "ಸಿಕ್ಕಿಬಿದ್ಲು! ಇಲ್ಲಿ ನೋಡಿ, ಬೆಳಿಗ್ಗೆ ಕಂಪ್ಯೂಟರ್ ಹಾಕಿದ ತಕ್ಷಣ ತುಟಿ ಅಲ್ಲಾಡ್ತದೆ. ದಿನಾ. ಯಾರಿಗೋ ವಿಷಯ ಹೇಳ್ತಾ ಇದಾಳೆ. ಕಿವಿಯೊಳಗೆ ಏನೋ ಯಂತ್ರ ಇದೆ."

ನೋಡಿದೆ. ತುಟಿ ಅಲ್ಲಾಡುತ್ತಿದ್ದದ್ದು ನಿಜ. ಇಬ್ಬರೂ ಸೇರಿ ಅಕ್ಕನನ್ನು ಕರೆದು ಕೇಳಿದೆವು. ಅಕ್ಕ ಮೊದಲು ಸೆಕ್ರೆಟರಿಯವರನ್ನು ನೋಡಿದರು, ಆಮೇಲೆ ನನ್ನ ಕಡೆಗೆ ತಿರುಗಿದರು.

"ದೇವರ ನಾಮ ಹೇಳ್ಕೊಳ್ತೀನಿ. ಮೊದಲೆಲ್ಲ ಈ ಕಂಪ್ಯೂಟರ್ ತೆರೆಯೋ ಹೊತ್ತಿಗೆ ಅಷ್ಟೋತ್ತರ ಮುಗೀತಿತ್ತು. ಇವನು ಬಂದು ಭದ್ರ ಮಾಡಿದ ಮೇಲೆ ಸಹಸ್ರನಾಮ ಮುಗಿದು ಮಂಗಳಾರತಿಗೆ ಬರ್ತದೆ."

ಅತ್ಯಂತ ಗೋಪ್ಯ, ಮುಂದಿನ ಸಾಲು

ಸೆಕ್ರೆಟರಿಯವರಿಗೆ ಸಮಾಧಾನ ಆಗಲಿಲ್ಲ. ಶನಿವಾರ ನನ್ನನ್ನು ಕರೆದು, "ಸೋಮವಾರದೊಳಗೆ ಸೋರಿದ್ದು ಅವಳ ಕಂಪ್ಯೂಟರಿಂದಲೇ ಅಂತ ಬರೆದುಕೊಡಿ. ಆಗಲ್ಲ ಅಂದ್ರೆ ನಿಮ್ಮ ಗುತ್ತಿಗೆ ಬಗ್ಗೆಯೂ ಯೋಚನೆ ಮಾಡ್ಬೇಕಾಗ್ತದೆ" ಎಂದರು.

ನಿವೃತ್ತಿಯ ಹೊಸ್ತಿಲಲ್ಲಿ ಅಕ್ಕನಿಗೆ ಕಳ್ಳಿ ಎಂಬ ಹೆಸರು. ಬರೆದುಕೊಡದಿದ್ದರೆ ನನ್ನ ಒಲೆಗೆ ನೀರು. ಭಾನುವಾರ ಹೊಸನಗರದಲ್ಲಿ ನೆಂಟರ ಮನೆಯ ಊಟ ಇತ್ತು, ಹೋದೆ. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಅಲ್ಲೇ ಉಳಿದು ಸೋಮವಾರ ಹೊರಡಬೇಕು ಎನ್ನುವಾಗ ಬೈಕ್ ಕೈಕೊಟ್ಟಿತು. ಬೆಳಗಿನ ಸಾಗರದ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆ.

ಬಸ್ಸಿನಲ್ಲಿ ಒಂದು ವಿಚಿತ್ರ ಕಂಡೆ. ಹಿಂದೆ ಸೀಟು ಖಾಲಿಯಿದ್ದರೂ ಜನ ಮುಂದೆ ಹೋಗಿ ನಿಂತುಕೊಳ್ಳುತ್ತಿದ್ದರು. ಅಷ್ಟರಲ್ಲಿ ನಮ್ಮ ಸೆಕ್ರೆಟರಿಯವರು ಹತ್ತಿದರು. ಡ್ರೈವರ್ ಹಿಂದಿನ ಸೀಟನ್ನು ಅವರಿಗೆಂದೇ ಬಿಟ್ಟಿದ್ದರು. ಕೂತು, ಜೇಬಿನಿಂದ ಫೋನ್ ತೆಗೆದು, ಅದನ್ನು ಬಾಯಿಯ ಹತ್ತಿರ ಹಿಡಿದರು.

ಕಂಡಕ್ಟರ್ ಡ್ರೈವರಿಗೆ ಕೂಗಿದ. "ಹಾಡು ಬಂದ್ ಮಾಡಾ! ಸಾಹೇಬ್ರು ಶುರು ಮಾಡಿದ್ರು."

ಹಾಡು ನಿಂತಿತು. ಎಂಜಿನ್ ಸದ್ದನ್ನೂ ಮೀರಿ ಸೆಕ್ರೆಟರಿಯವರ ದನಿ ಹೊರಟಿತು. "ಅತ್ಯಂತ ಗೋಪ್ಯ! ಮುಂದಿನ ಸಾಲು! ಯಾರಿಗೂ ತೋರಿಸತಕ್ಕದ್ದಲ್ಲ! ಪೂರ್ಣವಿರಾಮ!"

ನಾವು ಮಾತಾಡಿದ್ದನ್ನು ಫೋನ್ ತಾನೇ ಅಕ್ಷರ ಮಾಡಿಕೊಳ್ಳುತ್ತದಲ್ಲ, ಆ ವಿದ್ಯೆ. ಬೆರಳಲ್ಲಿ ಒತ್ತಲು ಬಾರದ ಸೆಕ್ರೆಟರಿಯವರು ಅದನ್ನು ಎಲ್ಲಿಂದಲೋ ಕಲಿತಿದ್ದರು. 'ಬರೆದು ತಯಾರು ಮಾಡ್ಕೊಂಡು ಬರ್ತೀನಿ' ಎಂದರೆ ಇದು! ಮನೆಯಲ್ಲಿ ಬರೆದರೆ ಮನೆಯವರು ಕೇಳುತ್ತಾರೆ, ಕಚೇರಿಯಲ್ಲಿ ಬರೆದರೆ ಸಿಬ್ಬಂದಿ ಕೇಳುತ್ತಾರೆ. ಅದಕ್ಕೇ ಬಸ್ಸು.

"ಸಾಗರ ಮುಖ್ಯ ಕಚೇರಿಯ ಹಿರಿಯ ಗುಮಾಸ್ತೆಯನ್ನು! ಸಂಘದ ಗುಟ್ಟುಗಳನ್ನು ಹೊರಗೆ ಬಿಟ್ಟ ಕಾರಣಕ್ಕಾಗಿ! ಇಂದಿನಿಂದಲೇ ಅಮಾನತು ಮಾಡಲಾಗಿದೆ!"

"ಅಯ್ಯೋ ಪಾಪ" ಎಂದಳು ಮೀನಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಒಬ್ಬಳು ಹೆಂಗಸು. ಬಸ್ಸು ಗುಂಡಿಗೆ ಇಳಿದು ಎದ್ದಿತು, ಫೋನ್ ಸೆಕ್ರೆಟರಿಯವರ ಕೈಯಿಂದ ಹಾರಿ ಬಿತ್ತು. ಎತ್ತಿಕೊಂಡು ಮೊದಲಿನಿಂದ ಮತ್ತೆ ಶುರು ಮಾಡಿದರು. ಬಟ್ಟೆಮಲ್ಲಪ್ಪದಲ್ಲಿ ಹತ್ತಿದ ಒಬ್ಬ ಯಜಮಾನರು ಕಂಬಿ ಹಿಡಿದ ಕೂಡಲೇ ಪಕ್ಕದವರನ್ನು ಕೇಳಿದರು, "ಎಲ್ಲಿಗೆ ಬಂತು?"

"ಹಿರಿಯ ಗುಮಾಸ್ತೆ ಅಮಾನತು. ಕಾರಣ ಈಗ ಎರಡನೇ ಸಲ ಹೇಳ್ತಾ ಇದಾರೆ."

ನನ್ನ ಪಕ್ಕದಲ್ಲಿದ್ದವರು ನನಗೆ ವಿವರಿಸಿದರು. "ನೀವು ಹೊಸಬರಾ? ದಿನಾ ಹಿಂಗೇ. ಸ್ವಲ್ಪ ದಿನದ ಹಿಂದೆ ವರ್ಗಾವಣೆ ಇತ್ತು, ಚೆನ್ನಾಗಿತ್ತು. ನಮ್ಮೂರ ಡ್ರೈವರಿಗೆ ನಾನೇ ಫೋನ್ ಮಾಡಿ ಹೇಳಿದ್ದು, ಬೆನ್ನುನೋವು ಅಂತ ಬೇಗ ಮಲಗಿಬಿಡು ಅಂತ."

ನನಗೆ ನಗು ಬರುವ ಮೊದಲು ಸಿಟ್ಟು ಬಂತು. ಈ ಮನುಷ್ಯನಿಗೋಸ್ಕರ ನಾನು ಏಣಿ ಹತ್ತಿದೆನಲ್ಲ!

ಸಾಗರದಲ್ಲಿ ಇಳಿದು ಅವರ ಬೆನ್ನ ಹಿಂದೆಯೇ ಕಚೇರಿಗೆ ಹೋದೆ. ಬಾಗಿಲಲ್ಲಿ ಅಕ್ಕ ನಿಂತಿದ್ದರು. ಕೈಯಲ್ಲಿ ಒಂದು ಕಾಗದ.

"ಏನಿದು?" ಎಂದರು ಸೆಕ್ರೆಟರಿಯವರು.

"ನನ್ನ ಅಮಾನತಿಗೆ ಉತ್ತರ ಸಾರ್."

ಸೆಕ್ರೆಟರಿಯವರು ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನನ್ನು ಕಂಡು ಕುಣಿದೇಬಿಟ್ಟರು. "ನೋಡಿದ್ರಾ! ಆದೇಶ ಇನ್ನೂ ನನ್ನ ಜೇಬಲ್ಲೇ ಇದೆ, ಆಗಲೇ ಉತ್ತರ ಬಂತು! ಸಾಕ್ಷಿ ಇಲ್ಲ ಇಲ್ಲ ಅಂತಿದ್ರಲ್ಲ, ಇದೇ ಸಾಕ್ಷಿ! ಇವಳ ಕಂಪ್ಯೂಟರ್ ಹಿಡೀರಿ!"

"ಯಾವ ಕಂಪ್ಯೂಟರ್ ಸಾರ್?" ಎಂದರು ಅಕ್ಕ. "ಬೆಳಗಿಂದ ಕರೆಂಟೇ ಇಲ್ಲ. ಸರ್ವರ್ ಹಾಕೇ ಇಲ್ಲ. ಉತ್ತರ ಕೈಯಲ್ಲಿ ಬರೆದಿದೀನಿ. ಬಸ್ಸಿಂದ ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡ್ತಾನೇ ಇದ್ರು. ನಾನು ಕೆಲಸಕ್ಕೆ ಸೇರಿದ ವರ್ಷ ನೀವು ಎರಡು ಸಲವೂ ತಪ್ಪು ಹೇಳಿದ್ರಂತೆ, ಇದರಲ್ಲಿ ಸರಿ ಮಾಡಿದೀನಿ."

ಅವರ ದನಿ ನಡುಗುತ್ತಿತ್ತು. ನಾನು ಗುತ್ತಿಗೆಯ ಆಸೆ ಬಿಟ್ಟು ಬಾಯಿ ತೆರೆದೆ.

"ಸಾರ್, ನಾನೂ ಅದೇ ಬಸ್ಸಲ್ಲಿ ಬಂದೆ. ಹಿಂದಿನ ಸೀಟಲ್ಲಿದ್ದೆ. ಪೂರ್ಣವಿರಾಮವೂ ಕೇಳಿಸ್ತು. ಸರ್ವರಿಂದ ಯಾವತ್ತೂ ಏನೂ ಸೋರಿಲ್ಲ. ಸೋರಿದ್ದು ಬಸ್ಸಲ್ಲಿ."

ಸೆಕ್ರೆಟರಿಯವರು ನನ್ನನ್ನು ಮರುಕದಿಂದ ನೋಡಿದರು. "ನಿಮಗೆ ಕಂಪ್ಯೂಟರ್ ಬರ್ತದೆ ಅಂತ ನಂಬಿದ್ನಲ್ಲ ಮಾರಾಯ್ರೆ! ಬಸ್ಸಲ್ಲಿ ಹೆಂಗೆ ಸೋರ್ತದೆ? ಹ್ಯಾಕ್ ಮಾಡೋಕೆ ಅಲ್ಲಿ ಒಂದಾದ್ರೂ ಕಂಪ್ಯೂಟರ್ ಇದೆಯಾ?"

ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ಅದು ಇಡೀ ಕಚೇರಿಗೆ ಹಬ್ಬಿತು. ಸೆಕ್ರೆಟರಿಯವರು ಒಬ್ಬೊಬ್ಬರ ಮುಖ ನೋಡುತ್ತಾ ಬಂದರು. ಅಕ್ಕ ಒಬ್ಬರೇ ನಗುತ್ತಿರಲಿಲ್ಲ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದನ್ನು ಕಂಡ ಮೇಲೆ ಸೆಕ್ರೆಟರಿಯವರ ಮುಖ ಇಳಿಯಿತು. ಫೋನ್ ತೆಗೆದು, ಅಕ್ಕನ ಕಣ್ಣೆದುರಿಗೇ ಆ ಆದೇಶವನ್ನು ಅಳಿಸಿದರು. "ಹೋಗಿ, ಕೆಲಸ ನೋಡಿ" ಎಂದರು. ಕ್ಷಮಿಸಿ ಎನ್ನುವುದು ಅವರ ಬಾಯಲ್ಲಿ ಬರುವುದಿಲ್ಲ, ಇದೇ ಅದು ಎಂದು ನಾವೇ ತಿಳಿದುಕೊಂಡೆವು.

ಅಕ್ಕ ನನ್ನ ಕಡೆಗೆ ತಿರುಗಿ, "ಏಣಿ ಅಲ್ಲೇ ಹಿಂದೆ ಇದೆ ತಮ್ಮಾ" ಎಂದರು. ನಾನು ಬ್ಯಾಗು ಕೆಳಗಿಟ್ಟು, ಮೊದಲು ಹೋಗಿ ಕ್ಯಾಮೆರಾ ಬಿಚ್ಚಿದೆ.

ಸಂಜೆ ಕರೆಂಟು ಬಂದ ಮೇಲೆ ಸೆಕ್ರೆಟರಿಯವರು ನನ್ನನ್ನು ಕೋಣೆಗೆ ಕರೆದರು. ಬಾಗಿಲು ಹಾಕಿದರು, ಕಿಟಕಿ ಹಾಕಿದರು, ಫ್ಯಾನ್ ಜೋರು ಮಾಡಿದರು. ಗುತ್ತಿಗೆ ಹೋಯಿತು ಎಂದುಕೊಂಡೆ. ಅವರು ಕಿವಿಯ ಹತ್ತಿರ ಬಗ್ಗಿದರು.

"ನಿಮ್ಮ ಗುತ್ತಿಗೆ ಮುಂದುವರಿಸ್ತೀನಿ. ನೀವು ಹೇಳಿದ್ದು ಸರಿ, ಆ ಬಸ್ಸಲ್ಲೇ ಏನೋ ಇದೆ. ಆ ಕಂಡಕ್ಟರ್ ಮೇಲೆ ನಂಗೆ ಮೊದಲಿಂದಲೂ ಸಂಶಯ. ನಾಳೆಯಿಂದ ಬೇರೆ ಬಸ್ಸಿಗೆ ಬರ್ತೀನಿ, ಯಾರಿಗೂ ಹೇಳ್ಬೇಡಿ."

ನಾನು ಯಾರಿಗೂ ಹೇಳಲಿಲ್ಲ. ಮುಂದಿನ ವಾರ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರ್ ಎದುರಾದ. ಅಂದು ಸೆಕ್ರೆಟರಿಯವರ ಬೆನ್ನ ಹಿಂದೆಯೇ ಇಳಿದು ಹೋದವನೆಂದು ನನ್ನ ಗುರುತು ಹಿಡಿದು ಹತ್ತಿರ ಬಂದ. ಮುಖ ಬಾಡಿತ್ತು.

"ಸಾರ್, ನಿಮ್ಮ ಸೆಕ್ರೆಟರಿಯವ್ರಿಗೆ ಒಂದು ಮಾತು ಹೇಳಿ ನಮ್ಮ ಬಸ್ಸಿಗೇ ವಾಪಸ್ ಕಳ್ಸಿ ಸಾರ್. ಅವರು ಆ ಬಸ್ಸಿಗೆ ಹೋದ್ಮೇಲೆ ನಮ್ಮ ಪ್ಯಾಸೆಂಜರೆಲ್ಲ ಅದಕ್ಕೇ ಹತ್ತುತ್ತಾ ಇದಾರೆ."